ಮುಖಗಳನ್ನು ಇದ್ದ ಹಾಗೇ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪುಟಗಳಲ್ಲಿ ಅಚ್ಚಾಗುವ ಜನರ ಫೋಟೊಗಳು ಈಚೀಚೆಗೆ ತೀರಾ ನುಣ್ಣಗಾಗುತ್ತಿವೆ. ಅದರಲ್ಲೂ ವಯಸ್ಸಾದವರ, ತೀರಿಕೊಂಡವರ ಫೋಟೊಗಳು. 80 ದಾಟಿದವರ ಹಣೆಯಲ್ಲಿ ಒಂದು ಗೆರೆ ಇಲ್ಲ, ಕೆನ್ನೆಯಲ್ಲಿ ಒಂದು ಚುಕ್ಕೆ ಇಲ್ಲ, ಕತ್ತಿನಲ್ಲಿ ಒಂದು ಸುಕ್ಕು ಇಲ್ಲ. ಹಿರಿಯ ರಂಗನಟಿಯೊಬ್ಬರು ತೀರಿಕೊಂಡ ಸುದ್ದಿಯ ಜೊತೆಗೆ ಬಂದ ಚಿತ್ರ ನೋಡಿದಾಗ, ಕೆಳಗಿನ ಹೆಸರು ಓದುವ ತನಕ ಅದು ಅವರದೆಂದು ನನಗೆ ಗೊತ್ತಾಗಲಿಲ್ಲ. ಅವರನ್ನು ನಾನು ರಂಗದ ಮೇಲೆ ಎಷ್ಟೋ ಸಲ ನೋಡಿದ್ದೇನೆ. ಅವರ ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಹಳೆಯ ಗಾಯದ ಗುರುತೊಂದಿತ್ತು. ಮಾತಿನ ನಡುವೆ ಹುಬ್ಬೇರಿಸಿದರೆ ಅದು ಎರಡು ತುಂಡಾಗಿ ಏಳುತ್ತಿತ್ತು, ಹಿಂದಿನ ಸಾಲಿನಲ್ಲಿ ಕೂತವರಿಗೂ ಕಾಣುತ್ತಿತ್ತು. ಅಚ್ಚಾದ ಫೋಟೊದಲ್ಲಿ ಆ ಹುಬ್ಬು ತುಂಬಿಕೊಂಡಿತ್ತು. ಫೋಟೊ ಮನೆಯವರೇ ಹಾಗೆ ತಿದ್ದಿಸಿ ಕಳಿಸಿದರೋ, ಕಚೇರಿಯಲ್ಲಿ ಯಾರಾದರೂ ತಿದ್ದಿದರೋ, ಅದು ನನಗೆ ಮುಖ್ಯವಲ್ಲ. ಇದು ನಿಲ್ಲಬೇಕು ಎಂದು ಕೇಳಿಕೊಳ್ಳುವುದಕ್ಕೆ ಬರೆಯುತ್ತಿದ್ದೇನೆ.

ನಾನು ಫೋಟೊ ಸ್ಟುಡಿಯೊದಲ್ಲಿ ರಿಟಚಿಂಗ್ ಕೆಲಸ ಮಾಡಿಕೊಂಡು ಬದುಕಿದವಳು. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಶುರುಮಾಡಿದೆ, ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಮುಂದೆ ಕೂತೆ. ಹಾಗಾಗಿ ಮುಖ ತಿದ್ದುವುದೇ ಪಾಪ ಎಂದು ನಾನು ಹೇಳಲಾರೆ. ಆದರೆ ಆ ಕೆಲಸಕ್ಕೆ ಒಂದು ಮಿತಿ ಇತ್ತು. ಅದರ ಮರ್ಯಾದೆ ಇದ್ದದ್ದೂ ಆ ಮಿತಿಯಲ್ಲೇ.

ಇಳಿಜಾರಾದ ಪುಟ್ಟ ಡೆಸ್ಕು, ಅದರ ನಡುವೆ ಮಸುಕು ಗಾಜು, ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್. ಬರೀ ನೆಗೆಟಿವ್ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಜಾರುತ್ತದೆ. ಅದಕ್ಕೆ ಮೊದಲು ರಾಳದ ವಾರ್ನಿಷನ್ನು ಬಟ್ಟೆಯ ತುದಿಯಿಂದ ತೆಳ್ಳಗೆ ಸವರಬೇಕು. ಗಟ್ಟಿ ಸೀಸದ ಪೆನ್ಸಿಲನ್ನು ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಉದ್ದನೆಯ ಮೊನೆ ಮಾಡಬೇಕು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ: ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ತಿಳಿಯಾದ ಚುಕ್ಕೆ. ಅದರೊಳಗೆ ಅಲ್ಪವಿರಾಮದ ಆಕಾರದ ಸಣ್ಣ ಸಣ್ಣ ಗೀರು ಹಾಕುತ್ತಾ ಬಂದರೆ ಪ್ರಿಂಟ್‌ನಲ್ಲಿ ಕಲೆ ತಿಳಿಯಾಗುತ್ತದೆ. ಒಂದು ಗೀರು ಹೆಚ್ಚಾಯಿತೋ, ಕಲೆ ಇದ್ದ ಜಾಗದಲ್ಲಿ ಬಿಳಿ ಚುಕ್ಕೆ ಎದ್ದು ಕೂರುತ್ತದೆ. ಆದ್ದರಿಂದ ಕೈಗೆ ಯಾವಾಗಲೂ ಒಂದು ಅಂಜಿಕೆ. ಪೂರ್ತಿ ಅಳಿಸುವ ಮುಂಚೆಯೇ ಅದು ತಾನಾಗಿ ನಿಲ್ಲುತ್ತಿತ್ತು. ಈಗ ಮೊಬೈಲ್‌ನಲ್ಲಿ ಬೆರಳನ್ನು ಒಂದು ಸಲ ಬಲಕ್ಕೆ ಎಳೆದರೆ ಮುಖಕ್ಕೆ ಮುಖವೇ ಸಪಾಟಾಗುತ್ತದೆ. ಯಾವ ಚುಕ್ಕೆ ಯಾರದು, ಎಲ್ಲಿಂದ ಬಂತು ಎಂದು ಒಂದೊಂದನ್ನೇ ನೋಡುವ ಪ್ರಮೇಯವೇ ಇಲ್ಲ.

ರಿಟಚಿಂಗ್ ಹುಟ್ಟಿದ್ದೇ ಸುಳ್ಳು ಹೇಳುವುದಕ್ಕೆ ಎಂದು ಅನೇಕರು ತಿಳಿದಿದ್ದಾರೆ. ಅಷ್ಟು ಸರಳವಲ್ಲ. 19ನೇ ಶತಮಾನದ ಫೋಟೊ ಪ್ಲೇಟುಗಳಿಗೆ, ಅಂದರೆ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಹಲಗೆಗಳಿಗೆ, ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಚರ್ಮದ ಮೇಲಿನ ಕೆಂಪು, ಕಂದು ಚುಕ್ಕೆಗಳೆಲ್ಲ ನಿಜಕ್ಕಿಂತ ಹೆಚ್ಚು ಕಪ್ಪಾಗಿ ಮೂಡುತ್ತಿದ್ದವು. ತೆಳುವಾಗಿ ಕೆಂಪಾದ ಕೆನ್ನೆಯೂ ರೋಗ ಹತ್ತಿದ ಹಾಗೆ ಕಾಣುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು ಮಾರುಕಟ್ಟೆಗೆ ಬಂದಿದ್ದು 1906ರಲ್ಲಿ. ಅಲ್ಲಿಯ ತನಕ ಪೆನ್ಸಿಲ್ ಹಿಡಿದವರ ಒಂದು ದೊಡ್ಡ ಕೆಲಸ, ಕ್ಯಾಮೆರಾ ಅತಿಮಾಡಿ ಹೇಳಿದ್ದನ್ನು ಕಣ್ಣಿನ ಅಳತೆಗೆ ಇಳಿಸುವುದು. ಮುಖಸ್ತುತಿಗೆ ತಿದ್ದಿದವರು ಇರಲಿಲ್ಲವೆಂದಲ್ಲ, ಬೇಕಾದಷ್ಟಿದ್ದರು. ಆದರೆ ಮುಖದಲ್ಲಿ ಏನಿದೆಯೋ ಅದಕ್ಕೆ ಫೋಟೊವನ್ನು ಹತ್ತಿರ ತರುವುದೂ ರಿಟಚಿಂಗೇ.

ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: "ನೋಡಮ್ಮ, ಮೊಡವೆ ನಂಟ, ಮಚ್ಚೆ ಮನೆಯವನು. ನಂಟನ್ನ ಕಳಿಸಿಕೊಡು. ಮನೆಯವನ್ನ ಹೊರಗೆ ಹಾಕಬೇಡ." ಜ್ವರದ ಗುಳ್ಳೆ, ಕ್ಷೌರದ ಬ್ಲೇಡು ತಾಗಿದ ಕೊಯ್ತ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ಕಣ್ಣಿನ ಕೆಳಗೆ ಬಂದ ಕಪ್ಪು, ಇವೆಲ್ಲ ಹೋಗಬಹುದು, ಮುಂದಿನ ವಾರ ಆ ಮುಖದಲ್ಲೇ ಅವು ಇರುವುದಿಲ್ಲ. ಮಚ್ಚೆ, ಗಾಯದ ಗುರುತು, ವಾರೆಯಾದ ಹಲ್ಲು, ಒಂದಕ್ಕಿಂತ ಒಂದು ಚಿಕ್ಕದಾದ ಕಣ್ಣು, ಇವುಗಳನ್ನು ಮುಟ್ಟುವ ಹಾಗಿರಲಿಲ್ಲ.

ಗೆರೆಗಳ ವಿಚಾರ ಇನ್ನೂ ಸೂಕ್ಷ್ಮ. ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಮಡಿಕೆಯನ್ನು ಪೂರ್ತಿ ತೆಗೆದರೆ ನಗುತ್ತಿರುವವರ ಕೆನ್ನೆ ಬಾವು ಬಂದ ಹಾಗೆ ಕಾಣುತ್ತದೆ. ಕಣ್ಣಿನ ತುದಿಯಲ್ಲಿ ಮೂಡುವ ಗೆರೆಗಳಂತೂ ನಗುವಿನ ಪ್ರಾಣ. ಮನಸಾರೆ ನಕ್ಕಾಗ ತುಟಿಯನ್ನು ಎಳೆಯುವ ಸ್ನಾಯುವಿನ ಜೊತೆಗೆ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯಾಗುತ್ತದೆ, ಇದನ್ನು ಬಲವಂತವಾಗಿ ತರಿಸುವುದು ಕಷ್ಟ ಎಂದು ಫ್ರಾನ್ಸಿನ ವೈದ್ಯ ದ್ಯುಶೆನ್ 1862ರಲ್ಲೇ ಬರೆದಿದ್ದರು. ಆ ಗೆರೆಗಳನ್ನು ಅಳಿಸಿ ತುಟಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಬಾಯಿ ನಗುತ್ತದೆ, ಮುಖ ನಗುವುದಿಲ್ಲ. ನಿಮ್ಮ ಪುಟಗಳಲ್ಲಿ ಈಗ ಅಂಥ ನಗೆಗಳೇ ಹೆಚ್ಚು. ಆ ಜನ ನಿಜವಾಗಿ ನಕ್ಕಿದ್ದರು, ನಾವು ಅದನ್ನು ಶಿಷ್ಟಾಚಾರದ ನಗೆ ಮಾಡಿಬಿಟ್ಟಿದ್ದೇವೆ.

ಒಂದು ಫೋಟೊದ ವಿಷಯ ಹೇಳಲೇಬೇಕು. ಅಕ್ಕ ತಮ್ಮ ಇಬ್ಬರೂ ಸೇರಿ, ತೀರಿಕೊಂಡ ತಾಯಿಯ ಹಳೆಯ ಪ್ರಿಂಟ್ ಒಂದನ್ನು ದೊಡ್ಡದು ಮಾಡಿಸಲು ತಂದಿದ್ದರು. ಅಂಗೈಯಷ್ಟು ಪ್ರಿಂಟು, ಮೂಲೆ ಮುರಿದಿತ್ತು, ನಡುವೆ ಮಡಚಿದ ಗುರುತು ಕತ್ತಿನ ಮೇಲೆ ಹಾದುಹೋಗಿತ್ತು. ತಾಯಿಯ ಮುಖದ ತುಂಬ ಸಿಡುಬಿನ ಗುಳಿಗಳು. ಬೆಳಕು ಒಂದು ಪಕ್ಕದಿಂದ ಬಿದ್ದಿದ್ದರಿಂದ ಒಂದೊಂದು ಗುಳಿಯಲ್ಲೂ ನೆರಳು ತುಂಬಿಕೊಂಡು, ಅವು ಇದ್ದುದಕ್ಕಿಂತ ಆಳವಾಗಿ ಕಾಣುತ್ತಿದ್ದವು. ತಮ್ಮ ಹೇಳಿದ: "ಮೇಡಂ, ಮುಖ ಪೂರ್ತಿ ಕ್ಲೀನ್ ಮಾಡಿಬಿಡಿ. ಅಮ್ಮ ಇದ್ದಿದ್ದರೆ ಅವಳಿಗೂ ಅದೇ ಇಷ್ಟ." ಅಕ್ಕ ಸುಮ್ಮನಿದ್ದರು. ರಸೀದಿ ಬರೆಯುವ ಹೊತ್ತಿಗೆ ಹೇಳಿದರು: "ಬೇಡ ಕಣೋ. ಚಿಕ್ಕೋಳಿದ್ದಾಗ ನಿದ್ದೆ ಬರೋವರೆಗೂ ನಾನು ಅವಳ ಕೆನ್ನೆ ಮೇಲೆ ಬೆರಳಾಡಿಸ್ತಿದ್ದೆ. ಕಿವಿ ಹತ್ರ ಒಂದು ದೊಡ್ಡದಿದೆ ನೋಡು, ಅಲ್ಲಿಗೆ ಬರೋ ಹೊತ್ತಿಗೆ ನಿದ್ದೆ ಬಂದುಬಿಡ್ತಿತ್ತು. ಅದನ್ನೂ ತೆಗೆಸಿಬಿಟ್ರೆ ಇದು ಯಾರ ಫೋಟೊ?" ತಮ್ಮ ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು ಆ ಗುಳಿ ಹುಡುಕಿದ. ಆಮೇಲೆ ಅವನೇ ನನ್ನನ್ನು ಕೇಳಿದ, "ಹಾಗಾದ್ರೆ ಮಡಚಿದ ಗುರುತು ಮಾತ್ರ ತೆಗೀಬಹುದಾ?"

ನಾನು ಮಡಚಿದ ಗುರುತು ತೆಗೆದೆ, ಮೂಲೆ ಕಟ್ಟಿದೆ, ಧೂಳಿನ ಬಿಳಿ ಚುಕ್ಕೆಗಳನ್ನು ಬಣ್ಣ ಅದ್ದಿದ ಸಣ್ಣ ಬ್ರಷ್‌ನಿಂದ ಮುಚ್ಚಿದೆ. ಗುಳಿಗಳ ನೆರಳನ್ನು ಮಾತ್ರ, ಎದುರಿನಿಂದ ಬೆಳಕು ಬಿದ್ದಿದ್ದರೆ ಎಷ್ಟು ಕಾಣುತ್ತಿತ್ತೋ ಅಷ್ಟಕ್ಕೆ ಇಳಿಸಿದೆ. ಒಂದು ಗುಳಿಯನ್ನೂ ಕಳೆಯಲಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಆ ಮುಖ ನನಗೆ ಚೆಲುವಾಗಿ ಕಾಣತೊಡಗಿತು. ಇದು ಕನಿಕರದ ಮಾತಲ್ಲ. ಚರ್ಮದ ಮೇಲೆ ಬೆಳಕು ಒಂದೇ ಸಮನೆ ಜಾರಿಹೋಗದೆ, ಎಲ್ಲೆಂದರಲ್ಲಿ ತಡೆದು ನಿಂತು, ಮುಂದೆ ಸಾಗುತ್ತಿತ್ತು. ಅಂಥ ಕೆನ್ನೆಯನ್ನು ನೋಡುವಾಗ ಕಣ್ಣಿಗೂ ಆತುರ ಇರುವುದಿಲ್ಲ.

ಸಿಡುಬು ಭೂಮಿಯ ಮೇಲಿಂದ ಹೋಯಿತು. ಸಹಜವಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ಪತ್ತೆಯಾಯಿತು, ರೋಗ ನಿರ್ಮೂಲವಾಯಿತೆಂದು 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಸಾರಿತು. ಹೋಗಿದ್ದು ದೊಡ್ಡ ಪುಣ್ಯ. ಆದರೆ ಆ ರೋಗವನ್ನು ಗೆದ್ದು ಬದುಕಿದ ಮುಖಗಳು ಇನ್ನು ಹುಟ್ಟುವುದಿಲ್ಲ, ಇದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಫೋಟೊಗಳಲ್ಲಿ ಉಳಿದ ಗುಳಿಗಳನ್ನೂ ತುಂಬಿಬಿಟ್ಟರೆ, ಅಂಥ ಮುಖಗಳು ಮನೆಮನೆಯಲ್ಲೂ ಇದ್ದವು ಎಂಬುದನ್ನು ಮುಂದಿನವರು ಯಾವುದನ್ನು ನೋಡಿ ನಂಬಬೇಕು?

ಹಳೆಯ ಫೋಟೊವನ್ನು ಕೃತಕ ಬುದ್ಧಿಮತ್ತೆಯಿಂದ "ಸ್ಪಷ್ಟ" ಮಾಡಿಸುವುದು ಈಗ ಎಲ್ಲೆಲ್ಲೂ ನಡೆದಿದೆ. ಅಲ್ಲಿ ಆಗುವುದೇ ಬೇರೆ. ಮಸುಕಾದ ಫೋಟೊದಲ್ಲಿ ಇಲ್ಲದ ವಿವರ ಯಾವ ಯಂತ್ರಕ್ಕೂ ಸಿಗುವುದಿಲ್ಲ. ತಾನು ಕಲಿತ ಬೇರೆ ಸಾವಿರಾರು ಮುಖಗಳ ಆಧಾರದ ಮೇಲೆ ಅದು ರೆಪ್ಪೆ ಬರೆಯುತ್ತದೆ, ಚರ್ಮ ಬರೆಯುತ್ತದೆ, ಹಲ್ಲು ಬರೆಯುತ್ತದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ರೂಪಿಸಿದ ಇಂಥ ಒಂದು ಪ್ರೋಗ್ರಾಮ್‌ಗೆ ಬರಾಕ್ ಒಬಾಮ ಅವರ ಫೋಟೊವನ್ನು ಚೌಕಚೌಕವಾಗಿ ಮಸುಕು ಮಾಡಿ ಕೊಟ್ಟಾಗ, ಅದು ಸ್ಪಷ್ಟವಾದ ಒಂದು ಬಿಳಿಯ ಗಂಡಸಿನ ಮುಖ ಮಾಡಿ ಕೊಟ್ಟಿತು. ಜಗತ್ತಿಗೆಲ್ಲ ಪರಿಚಯವಿದ್ದ ಮುಖವಾದ್ದರಿಂದ ತಪ್ಪು ಅಂದೇ ಗೊತ್ತಾಯಿತು. ನಮ್ಮ ನಿಮ್ಮ ಅಜ್ಜಿಯ ಮುಖ ಬೇರೆ ಯಾರದೋ ಆದರೆ ಹಿಡಿಯುವವರು ಯಾರು? ಎರಡು ತಲೆಮಾರು ಕಳೆದರೆ ಆ ಬೇರೆಯವರೇ ಅಜ್ಜಿ.

ನುಣುಪಾದ ಮುಖ ಜನರಿಗೆ ಹಿಡಿಸುತ್ತದೆ ಎಂಬುದು ಸುಳ್ಳಲ್ಲ, ಅದನ್ನು ಒಪ್ಪಿಕೊಂಡೇ ಮಾತಾಡಬೇಕು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1878ರಲ್ಲಿ, ಅಪರಾಧಿಗಳ ಮುಖ ಹೀಗೇ ಇರುತ್ತದೆ ಎಂದು ತೋರಿಸುವ ಆಸೆಯಿಂದ, ಹಲವು ಕೈದಿಗಳ ಫೋಟೊಗಳನ್ನು ಒಂದರ ಮೇಲೊಂದು ಒಂದೇ ಪ್ಲೇಟ್ ಮೇಲೆ ತೆಗೆದರು. ಆ ಆಸೆಯೇ ಕೆಟ್ಟದ್ದು. ಕೊನೆಗೆ ಮೂಡಿದ ಮುಖ ಮಾತ್ರ ಆ ಕೈದಿಗಳೆಲ್ಲರಿಗಿಂತ ಸುಂದರವಾಗಿತ್ತು. ಒಬ್ಬೊಬ್ಬರ ಓರೆಕೋರೆಗಳು ಒಂದರೊಳಗೊಂದು ಕರಗಿ ಸರಾಸರಿಯೊಂದು ಉಳಿದಿತ್ತು. ಯಂತ್ರಗಳು ಇಂದು ನಮ್ಮ ಫೋಟೊಗಳಲ್ಲಿ ಮಾಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ನೋಡಲು ಹಿತವಾದ ಮುಖ ಬರುತ್ತದೆ, ನಿಜ. ಆದರೆ ಆ ಮುಖದವರು ಎಲ್ಲೂ ಬದುಕಿರಲಿಲ್ಲ. ಅವರನ್ನು ಯಾರೂ ಪ್ರೀತಿಸಿರಲಿಲ್ಲ, ಅವರ ಮೇಲೆ ಯಾರೂ ಮುನಿಸಿಕೊಂಡಿರಲಿಲ್ಲ.

ತನ್ನ ಮುಖದ ಓರೆ ತನಗೇ ಸಹಿಸದಿರುವುದಕ್ಕೆ ಇನ್ನೊಂದು ಕಾರಣವಿದೆ. ಸ್ಟುಡಿಯೊ ಕೌಂಟರಿನಲ್ಲಿ ಇದು ದಿನವೂ ನಡೆಯುವ ಮಾತುಕತೆ. ಹುಡುಗಿ ಪ್ರಿಂಟ್ ಹಿಡಿದು, "ನನ್ನ ಬಾಯಿ ಯಾಕೆ ಹೀಗೆ ವಾರೆ ಬಂದಿದೆ?" ಎನ್ನುತ್ತಾಳೆ. ಜೊತೆಗೆ ಬಂದ ಗೆಳತಿ ಇಣುಕಿ ನೋಡಿ, "ವಾರೆ ಎಲ್ಲಿದೆಯೇ? ನೀನಿರೋದೇ ಹೀಗೆ, ಚೆನ್ನಾಗೇ ಬಂದಿದೆ" ಎನ್ನುತ್ತಾಳೆ. ಇಬ್ಬರೂ ಹೇಳುವುದು ಸತ್ಯ. ಹುಡುಗಿಗೆ ಗೊತ್ತಿರುವುದು ಕನ್ನಡಿಯ ಮುಖ, ಎಡಬಲ ಅದಲುಬದಲಾದದ್ದು. ಗೆಳತಿ ನೋಡಿಕೊಂಡು ಬಂದದ್ದು ಫೋಟೊದಲ್ಲಿರುವ ಮುಖವನ್ನೇ. ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದ್ದರು: ಒಂದೇ ಫೋಟೊವನ್ನು ನೇರವಾಗಿಯೂ ತಿರುಗಿಸಿಯೂ ಪ್ರಿಂಟ್ ಹಾಕಿ ತೋರಿಸಿದರೆ, ಫೋಟೊದವರು ಹೆಚ್ಚಾಗಿ ತಿರುಗಿಸಿದ್ದನ್ನು ಮೆಚ್ಚಿದರು, ಅವರ ಆಪ್ತರು ನೇರವಾದದ್ದನ್ನು ಮೆಚ್ಚಿದರು. ನೋಡಿ ನೋಡಿ ರೂಢಿಯಾದ ಓರೆಯೇ ನಮಗೆ ಚಂದ. ಹಾಗಿದ್ದ ಮೇಲೆ, ಫೋಟೊ ಸರಿಯಾಗಿದೆಯೇ ಎಂದು ಫೋಟೊದವರನ್ನು ಮಾತ್ರ ಕೇಳಿದರೆ ಸಾಲದು, ಅವರನ್ನು ಹತ್ತಿರದಿಂದ ಕಂಡವರನ್ನೂ ಕೇಳಬೇಕು. ತೀರಿಕೊಂಡವರ ವಿಷಯದಲ್ಲಂತೂ ಕೇಳಲು ಉಳಿದಿರುವುದು ಆ ಹತ್ತಿರದವರು ಮಾತ್ರ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಡೊಮೆನಿಕೊ ಗಿರ್ಲಾಂಡಾಯೊ ಎಂಬ ಇಟಲಿಯ ಕಲಾವಿದ 1490ರ ಸುಮಾರಿಗೆ ಬರೆದ ಮುದುಕನ ಮತ್ತು ಮಗುವಿನ ಚಿತ್ರವಿದೆ. ನಾನು ನೋಡಿರುವುದು ಅದರ ಮುದ್ರಣವನ್ನು ಮಾತ್ರ, ಆದರೆ ಬಹಳ ದಿನ ಅದು ನನ್ನ ಡೆಸ್ಕಿನ ಎದುರಿಗಿತ್ತು. ಮುದುಕನ ಮೂಗು ಗಂಟುಗಂಟಾಗಿ ಊದಿಕೊಂಡಿದೆ. ಚರ್ಮ ದಪ್ಪಗಾಗಿ ಮೂಗನ್ನು ಹೀಗೆ ಉಬ್ಬಿಸುವ ಕಾಯಿಲೆಗೆ ವೈದ್ಯರು ರೈನೊಫೈಮ ಎನ್ನುತ್ತಾರೆ. ಹಣೆಯ ಮೇಲೆ ಒಂದು ಗಂಟು. ಕಲಾವಿದ ಒಂದು ಉಬ್ಬನ್ನೂ ಬಿಟ್ಟಿಲ್ಲ. ಮಗು ಮುದುಕನ ಎದೆಯ ಮೇಲೆ ಕೈಯಿಟ್ಟು, ತಲೆ ಎತ್ತಿ, ನೇರವಾಗಿ ಆ ಮುಖವನ್ನೇ ನೋಡುತ್ತಿದೆ. ಹೆದರಿಲ್ಲ, ಅಸಹ್ಯಪಟ್ಟಿಲ್ಲ. ಮುದುಕ ತಲೆ ತಗ್ಗಿಸಿ ಮಗುವನ್ನು ನೋಡುತ್ತಿದ್ದಾನೆ. ಆ ಮೂಗನ್ನು ತಿದ್ದಿಬಿಟ್ಟಿದ್ದರೆ ಆ ನೋಟಕ್ಕೆ ಅರ್ಥವೇ ಇರುತ್ತಿರಲಿಲ್ಲ. ಚಂದದ ಮುಖವನ್ನು ಯಾರು ಬೇಕಾದರೂ ದಿಟ್ಟಿಸಿ ನೋಡಬಹುದು.

ಮರೆಮಾಚಲೇಬೇಕಾದಾಗಲೂ ಮರ್ಯಾದೆಯ ದಾರಿಗಳಿವೆ. ಇಟಲಿಯ ಉರ್ಬಿನೊದ ದೊರೆ ಫೆದೆರಿಕೊ ಪಂದ್ಯವೊಂದರಲ್ಲಿ ಬಲಗಣ್ಣು ಕಳೆದುಕೊಂಡಿದ್ದ. ಕಲಾವಿದ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಅವನ ಎಡಪಕ್ಕವನ್ನು ಮಾತ್ರ ಚಿತ್ರಿಸಿದ. ಆದರೆ ಕಾಣುವ ಪಕ್ಕದಲ್ಲಿ ಮುರಿದ ಮೂಗಿನ ಕಚ್ಚು ಇದೆ, ಕೆನ್ನೆಯ ನರೂಲಿಗಳಿವೆ. ಕೂತವರನ್ನು ಸ್ವಲ್ಪ ತಿರುಗಿಸುವುದು, ಬೆಳಕನ್ನು ಮೆತ್ತಗೆ ಮಾಡುವುದು, ಇದನ್ನು ಒಳ್ಳೆಯ ಫೋಟೊಗ್ರಾಫರ್‌ಗಳು ಇಂದಿಗೂ ಮಾಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ.

ಮುಖದ ಗುರುತು ಬೇರೆ, ಫೋಟೊದ ದೋಷ ಬೇರೆ ಎಂದು ನಾನು ಗೆರೆ ಎಳೆಯುತ್ತಾ ಬಂದೆ. ಆ ಗೆರೆಯೂ ಎಲ್ಲ ಕಡೆ ನಿಲ್ಲುವುದಿಲ್ಲ. ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಎಂಬ ಮಹಿಳೆಗೆ 1863ರಲ್ಲಿ, ಅವರ 48ನೇ ವಯಸ್ಸಿನಲ್ಲಿ, ಮಗಳು ಒಂದು ಕ್ಯಾಮೆರಾ ಕೊಟ್ಟಳು. ಅವರು ತೆಗೆದ ಮುಖಗಳು ಪೂರ್ತಿ ಫೋಕಸ್ ಆಗಿರುತ್ತಿರಲಿಲ್ಲ; ಗಾಜಿನ ನೆಗೆಟಿವ್‌ಗಳಲ್ಲಿ ಗೀರು, ರಾಸಾಯನಿಕ ಹರಿದ ಕಲೆ, ಬೆರಳ ಗುರುತು. ಆ ಕಾಲದ ಫೋಟೊಗ್ರಾಫರ್‌ಗಳು ಇದನ್ನು ಎತ್ತಿ ಆಡಿಕೊಂಡರು. ಆಕೆ ಕೇಳಲಿಲ್ಲ. ಇಂದು ಅವುಗಳನ್ನು ನೋಡುವಾಗ ಆ ಮಸುಕಿನೊಳಗೆ ಕೂತವರ ಉಸಿರಾಟವೂ ಕಾಣುವಂತಿದೆ, ಪ್ಲೇಟಿಗೆ ಅಷ್ಟು ಹೊತ್ತು ಬೆಳಕು ಬಿಟ್ಟು ತೆಗೆದ ಫೋಟೊಗಳು ಅವು.

ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಕೆಲಸಗಳ್ಳರಿಗೆ ನೆಪ ಸಿಗುತ್ತದೆ. ಚಿತ್ರ ಮಾಸದಂತೆ ನಿಲ್ಲಿಸಲು ಹಾಕುವ ಹೈಪೊ ಎಂಬ ರಾಸಾಯನಿಕ ಹೋಗುವಷ್ಟು ತೊಳೆಯದೆ ಒಣಗಿಸಿದ ಪ್ರಿಂಟ್ ಕೆಲವು ವರ್ಷಕ್ಕೆ ಹಳದಿಗಟ್ಟುತ್ತದೆ. ಅದರಲ್ಲಿ ಯಾವ ಸೌಂದರ್ಯವೂ ಇಲ್ಲ, ಅದು ಗಿರಾಕಿಗೆ ಮಾಡಿದ ಮೋಸ. ಕೈಲಾದಷ್ಟು ಚೆನ್ನಾಗಿ ಮಾಡಿದ ಮೇಲೂ ಉಳಿಯುವ ಕೊರತೆ, ಬದುಕು ತಾನಾಗಿ ಮುಖದ ಮೇಲೆ ಬಿಟ್ಟುಹೋದ ಗುರುತು, ಇವುಗಳ ಬಗ್ಗೆ ಮಾತ್ರ ನನ್ನ ಮಾತು.

ಸಂಪಾದಕರೇ, ಜಾಹೀರಾತುಗಳ ವಿಷಯದಲ್ಲಿ ಕೆಲವು ದೇಶಗಳು ಆಗಲೇ ಎಚ್ಚೆತ್ತಿವೆ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್ 1ರಿಂದ, ರೂಪದರ್ಶಿಯ ಮೈಕಟ್ಟನ್ನು ತೆಳ್ಳಗೆ ಅಥವಾ ದಪ್ಪಗೆ ತಿದ್ದಿದ ಜಾಹೀರಾತು ಫೋಟೊದ ಮೇಲೆ ಅದು ತಿದ್ದಿದ್ದೆಂದು ಬರೆಯಬೇಕು. ನಾರ್ವೆಯಲ್ಲಿ 2022ರ ಜುಲೈ 1ರಿಂದ ಚರ್ಮ ತಿದ್ದಿದ್ದರೂ ಗುರುತು ಹಾಕಬೇಕು. ಸುದ್ದಿ ಪತ್ರಿಕೆಗೆ ಕಾನೂನು ಬರುವ ತನಕ ಕಾಯುವ ಅಗತ್ಯವಿಲ್ಲ. ಸುದ್ದಿಯಲ್ಲಿ ಒಬ್ಬರ ವಯಸ್ಸನ್ನು 20 ವರ್ಷ ಕಡಿಮೆ ಮಾಡಿ ಬರೆದರೆ ಮರುದಿನ ತಿದ್ದುಪಡಿ ಹಾಕುತ್ತೀರಿ. ಫೋಟೊದಲ್ಲಿ ಅಷ್ಟೇ ವಯಸ್ಸನ್ನು ಕಡಿಮೆ ಮಾಡಿದರೆ ಯಾಕೆ ಹಾಕುವುದಿಲ್ಲ?

ನುಣುಪು ಮಾಡುವ ಅಗತ್ಯವಾದರೂ ಎಲ್ಲಿದೆ? ಸುದ್ದಿ ಕಾಗದದ ಮೇಲೆ ಚಿತ್ರಗಳನ್ನು ಸಾಮಾನ್ಯವಾಗಿ ಇಂಚಿಗೆ 85ರಿಂದ 100 ಸಾಲು ಚುಕ್ಕೆಗಳ ಜಾಲದಲ್ಲಿ ಮುದ್ರಿಸುತ್ತಾರೆ, ಇದು ನನಗಿಂತ ನಿಮ್ಮ ಮುದ್ರಣ ವಿಭಾಗದವರಿಗೆ ಚೆನ್ನಾಗಿ ಗೊತ್ತು. ಚರ್ಮದ ರಂಧ್ರ, ಸಣ್ಣ ಸುಕ್ಕು ಅದರಲ್ಲೇ ಕರಗಿಹೋಗುತ್ತವೆ. ಉಳಿದು ಕಾಣುವುದು ದೊಡ್ಡ ಗುರುತುಗಳು ಮಾತ್ರ, ಪರಿಚಯ ಹತ್ತುವುದೂ ಅವುಗಳಿಂದಲೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಕಚೇರಿಯಲ್ಲಿ ಯಾರ ಮುಖವನ್ನೂ ಬೆಳಕು, ಛಾಯೆ ಸರಿಮಾಡುವುದಕ್ಕಿಂತ ಹೆಚ್ಚಿಗೆ ತಿದ್ದಬೇಡಿ. ಯಂತ್ರ ಪುನಃ ಬರೆದ ಹಳೆಯ ಫೋಟೊ ಹಾಕಲೇಬೇಕಾದರೆ ಅಡಿಬರಹದಲ್ಲಿ ಹಾಗೆಂದು ತಿಳಿಸಿ. ನಿಧನ ವಾರ್ತೆಗೆ ಫೋಟೊ ಕಳಿಸುವವರಿಗೆ, ತಿದ್ದದ ಮೂಲ ಪ್ರತಿಯನ್ನೇ ಕಳಿಸಿ ಎಂದು ಒಂದು ಸಾಲು ಪ್ರಕಟಿಸಿ. ಅದರ ಜೊತೆಗೆ ಇದನ್ನೂ ಸೇರಿಸಿ: ಹಳೆಯ ಪ್ರಿಂಟ್ ಹರಿದಿದ್ದರೆ ಸೆಲ್ಲೊಟೇಪ್ ಅಂಟಿಸಬೇಡಿ, ಅದರ ಅಂಟು ಹಳದಿಗಟ್ಟಿ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ತೆಗೆಯಲಾಗುವುದಿಲ್ಲ. ತುಂಡುಗಳನ್ನು ಎರಡು ಗಟ್ಟಿ ರಟ್ಟುಗಳ ನಡುವೆ ಹಾಗೇ ಇಟ್ಟು ತನ್ನಿ, ಜೋಡಿಸಿ ಸ್ಕ್ಯಾನ್ ಮಾಡುವುದು ಕಷ್ಟವೇನಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗರಲ್ಲೊಬ್ಬಳು, ನಿವೃತ್ತ ಫೋಟೊ ರಿಟಚರ್